ಇದ್ದನೋ, ಇದ್ದನಂತೆಯೋ

(ಕುಕ್ಕರಹಳ್ಳಿ ಕೆರೆಯ ಏರಿ, ಸಂಜೆ. ಒಬ್ಬರು ನಿವೃತ್ತ ಕನ್ನಡ ಅಧ್ಯಾಪಕರು. ಇನ್ನೊಬ್ಬಾಕೆ ಅವರ ಹಳೆಯ ವಿದ್ಯಾರ್ಥಿನಿ, ಈಗ ಮೈಸೂರಿನ ಕೋರ್ಟುಗಳಲ್ಲಿ ವಕೀಲೆ.)

ವಕೀಲೆ: ಮೇಷ್ಟ್ರೇ, ನಿಮ್ಮ ಹತ್ರ ವ್ಯಾಕರಣದ ಒಂದು ಮಾತು ಕೇಳಬೇಕಿತ್ತು. ಹುಟ್ಟಿದ್ದು ಕೋರ್ಟಲ್ಲಿ. ನಂಜನಗೂಡು ಕಡೆಯ ಒಬ್ಬ ರೈತ ಸಾಕ್ಷಿ ಹೇಳ್ತಿದ್ದ. “ಅವತ್ತು ರಾತ್ರಿ ಅವ್ನು ಗದ್ದೆ ತಾವೇ ಇದ್ನಂತೆ ಕನ ಬುದ್ಧಿ” ಅಂದ. ಟೈಪ್ ಆಗಿದ್ದು “ಆ ದಿನ ರಾತ್ರಿ ಆರೋಪಿಯು ಗದ್ದೆಯ ಬಳಿ ಇದ್ದನು” ಅಂತ. ‘ಅಂತೆ’ ಬಿಟ್ಟುಹೋಗಿದೆ ಅಂತ ನಾನು ಎದ್ದು ನಿಂತೆ. ಎದುರು ಪಕ್ಷದವರು, “ಅದು ಹಳ್ಳಿಯವರ ಮಾತಿನ ರೂಢಿ, ಅದಕ್ಕೆ ಬೇರೆ ಅರ್ಥ ಏನಿದೆ” ಅಂದ್ರು.

ಮೇಷ್ಟ್ರು: ಬಿಟ್ಟುಹೋಗಿರೋದು ಒಂದಲ್ಲ ಕಣಮ್ಮ, ಮೂರು. ‘ತಾವೇ’ ಅನ್ನೋದರಲ್ಲಿರೋ ಏ, ‘ಇದ್ನಂತೆ’ಯ ಅಂತೆ, ಆಮೇಲೆ ಕನ. ‘ಬುದ್ಧಿ’ಯನ್ನ ಬಿಡು, ಅದು ಕರೆಯೋ ಮಾತು. ಆ ಮೂರನ್ನ ಕಿತ್ತರೆ ಉಳಿಯೋದು ಒಂದು ಸುದ್ದಿ. ಸುದ್ದಿ ಎಲ್ಲಿಂದ ಬಂತು, ಹೇಳೋನು ಅದರ ಎಷ್ಟು ಹೊಣೆ ಹೊತ್ತಿದ್ದಾನೆ ಅನ್ನೋದೆಲ್ಲ ಆ ಚೂರುಗಳಲ್ಲೇ ಇತ್ತು.

ವಕೀಲೆ: ನಮ್ಮ ಕಾನೂನು ಕೇಳೋದೂ ಅದನ್ನೇ. 1872ರ ಸಾಕ್ಷ್ಯ ಅಧಿನಿಯಮದಲ್ಲಿ 60ನೇ ಕಲಂ ಇತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 55ನೇದು. ಬಾಯಿಮಾತಿನ ಸಾಕ್ಷ್ಯ ನೇರವಾಗಿರಬೇಕು. ನೋಡಬಹುದಾದ ಸಂಗತಿಯಾದರೆ ‘ನಾನು ನೋಡಿದೆ’ ಅನ್ನೋನೇ ಬಂದು ಹೇಳಬೇಕು, ಕೇಳಬಹುದಾದ್ದಾದರೆ ‘ನಾನು ಕೇಳಿದೆ’ ಅನ್ನೋನು. ಪಕ್ಕದ ಮನೆಯವನು ಹೇಳಿದ್ದನ್ನ ಇವನು ಬಂದು ಒಪ್ಪಿಸೋ ಹಾಗಿಲ್ಲ.

ಮೇಷ್ಟ್ರು: ಹಾಗಿದ್ದರೆ ಆ ರೈತ ಕಾನೂನು ಓದದೇನೇ ಕಾನೂನಿಗೆ ತಕ್ಕ ಹಾಗೆ ಮಾತಾಡಿದ್ದಾನೆ. ತಾನು ಕಂಡಿಲ್ಲ ಅನ್ನೋದನ್ನ ಮೊದಲೇ ಹೇಳಿಬಿಟ್ಟಿದ್ದಾನೆ. ಬರೆದುಕೊಂಡವರು ಅವನನ್ನ ಪ್ರತ್ಯಕ್ಷದರ್ಶಿ ಮಾಡಿಬಿಟ್ಟರು.

ವಕೀಲೆ: ಅದೇ ನನಗೆ ಸಂಕಟ ಆಗಿದ್ದು. ಆದರೆ ಒಂದು ಅನುಮಾನ ಇದೆ. ಪುಸ್ತಕದ ಕನ್ನಡದಲ್ಲಿ ‘ಹೇಳಿದಂತೆ’, ‘ಕಂಡಂತೆ’ ಅಂತೆಲ್ಲ ಬರೀತೀವಿ. ಅಲ್ಲಿ ‘ಹಾಗೆ’ ಅನ್ನೋ ಅರ್ಥ. ಬರೆಯೋರು ಗೊಂದಲ ಆಗತ್ತೆ ಅಂತ ಬಿಟ್ಟಿರಬಹುದಾ?

ಮೇಷ್ಟ್ರು: ಗೊಂದಲಕ್ಕೆ ಎಡೆಯೇ ಇಲ್ಲ. ‘ಅವನು ಹೇಳಿದಂತೆ’ ಅನ್ನೋ ಕಡೆ ಅಂತೆ ಬಂದಿರೋದು ‘ಹೇಳಿದ’ ಅನ್ನೋ ಕೃದಂತದ ಮೇಲೆ. ಅಲ್ಲಿ ಇನ್ನೂ ಮಾತು ಮುಗಿದಿಲ್ಲ. ‘ಅವನು ಹೇಳಿದನಂತೆ’ ಅನ್ನುವಾಗ ‘ಹೇಳಿದನು’ ಅಂತ ಕ್ರಿಯಾಪದ ಪೂರ್ತಿಯಾಗಿ, ಗಂಡೋ ಹೆಣ್ಣೋ ಒಬ್ಬನೋ ಹಲವರೋ ಎಲ್ಲ ತೀರ್ಮಾನ ಆದ ಮೇಲೆ ಅಂತೆ ಬಂದು ಕೂರುತ್ತೆ. ಅಂದರೆ ಮೊದಲು ವಾಕ್ಯ ಮುಗಿಸ್ತೀವಿ, ಆಮೇಲೆ ‘ಇದು ನನ್ನ ಮಾತಲ್ಲ, ಬೇರೆಯವರದು’ ಅಂತ ಮೊಹರು ಹಾಕ್ತೀವಿ. ಶಾಲೆ ಮೆಟ್ಟಿಲು ಹತ್ತದ ಮಗು ಕೂಡ ಈ ಎರಡನ್ನ ಅದಲುಬದಲು ಮಾಡಲ್ಲ. ಅಜ್ಜಿ ಕತೆ ನೆನಪು ಮಾಡ್ಕೋ. ‘ಒಂದೂರಲ್ಲಿ ಒಬ್ಬ ರಾಜ ಇದ್ನಂತೆ, ಅವ್ನಿಗೆ ಏಳು ಜನ ಹೆಂಡ್ತೀರಂತೆ.’ ಕತೆ ಮುಗಿಯೋ ತನಕ ಅಂತೆ ಬಿಡೋದಿಲ್ಲ ಅಜ್ಜಿ. ಅದೇ ಅಜ್ಜಿ ತನ್ನ ಮದುವೆ ವಿಷಯ ಹೇಳುವಾಗ ಒಂದು ಅಂತೆಯೂ ಇರಲ್ಲ. ಕತೆಗೂ ಬದುಕಿಗೂ ನಡುವೆ ಆಕೆ ಗೆರೆ ಎಳೀತಿದ್ದದ್ದೇ ಆ ಅಂತೆಯಿಂದ.

ವಕೀಲೆ: ಆದ್ರೆ ಮೇಷ್ಟ್ರೇ, ಅಂತೆಯಿಂದ ಆಗೋ ಅನ್ಯಾಯವನ್ನೂ ನಾನು ದಿನಾ ನೋಡ್ತೀನಿ. ಕೌಟುಂಬಿಕ ನ್ಯಾಯಾಲಯದಲ್ಲಿ ಬಂದು ಕೂತ್ಕೊಳ್ಳಿ. ‘ಅವ್ಳು ಫೋನಲ್ಲಿ ಯಾರ ಜೊತೆಗೋ ಮಾತಾಡ್ತಾಳಂತೆ.’ ಯಾರು ಹೇಳಿದ್ದು ಅಂದ್ರೆ ಗೊತ್ತಿಲ್ಲ. ಮಾತು ಆಡಿಯೂ ಆಯ್ತು, ಆಡಲಿಲ್ಲ ಅಂತಲೂ ಆಯ್ತು. ಒಂದು ಹೆಣ್ಣಿನ ಬಾಳು ಹಾಳು ಮಾಡೋಕೆ ಆ ಒಂದು ಚೂರು ಸಾಕು. ನೀವು ಅದನ್ನ ಪ್ರಾಮಾಣಿಕತೆ ಅಂತೀರಿ, ನನಗೆ ಎಷ್ಟೋ ಸಲ ಅದು ಹೇಡಿತನದ ಹಾಗೆ ಕಾಣತ್ತೆ.

ಮೇಷ್ಟ್ರು: ಅದೂ ನಿಜ. ಅದಕ್ಕೇ ಜನ ‘ಅಂತೆಕಂತೆ’ ಅಂತ ಒಂದು ಪದವನ್ನೇ ಮಾಡಿಕೊಂಡಿದ್ದಾರೆ, ‘ಅಂತೆಕಂತೆಗಳ ಸಂತೆ’ ಅಂತಾರೆ. ಕನ್ನಡಿಗರಿಗೆ ಆ ಚೂರಿನ ಬೆಲೆಯೂ ಗೊತ್ತು, ಅಪಾಯವೂ ಗೊತ್ತು. ಆದರೆ ಒಂದು ಗಮನಿಸು. ‘ಮಾತಾಡ್ತಾಳಂತೆ’ ಅಂದಾಗ ಕೇಳಿದವಳಿಗೆ ‘ಯಾರಂದ್ರು?’ ಅಂತ ತಿರುಗಿ ಕೇಳೋ ದಾರಿ ಇರತ್ತೆ. ನೀನು ಈಗ ಹಾಗೇ ಕೇಳ್ದೆ ಅಂದ್ಯಲ್ಲ. ಮೂರನೇ ಬಾಯಿಗೆ ಹೋಗುವಾಗ ಅಂತೆ ಉದುರಿಹೋಗಿ ‘ಮಾತಾಡ್ತಾಳೆ’ ಆಗ್ತದಲ್ಲ, ಆಗ ಆ ದಾರಿಯೂ ಮುಚ್ಚಿತು. ವದಂತಿ ಸತ್ಯ ಆಗೋದು ಅಂತೆ ಇರೋದರಿಂದ ಅಲ್ಲ, ಅಂತೆ ಕಳೆದುಹೋಗೋದರಿಂದ. ವಾಟ್ಸಾಪಿನಲ್ಲಿ ಫಾರ್ವರ್ಡ್ ಆಗಿ ಬರೋ ಮಾತುಗಳನ್ನ ನೋಡು, ಒಂದಕ್ಕೂ ಅಂತೆ ಇರೋದಿಲ್ಲ. ನಿಮ್ಮ ಕೋರ್ಟಿನ ಹಾಳೆಯಲ್ಲಿ ಆಗಿರೋದೂ ಅದೇ.

ವಕೀಲೆ: ಪತ್ರಿಕೆಯವರು ‘ಎನ್ನಲಾಗಿದೆ’ ಅಂತ ಬರೀತಾರಲ್ಲ, ಅದು ಅಂತೆಯ ಬರಹದ ರೂಪ ಅಲ್ವಾ?

ಮೇಷ್ಟ್ರು: ಹತ್ತಿರದ ಸಂಬಂಧಿ, ಅಷ್ಟೇ. ನನಗೆ ಅದು ಇಷ್ಟ ಇಲ್ಲ. ‘ಎನ್ನಲಾಗಿದೆ’ಯಲ್ಲಿ ಅಂದವನೂ ಇಲ್ಲ, ಕೇಳಿದವನೂ ಇಲ್ಲ. ‘ಅಂತೆ’ಯಲ್ಲಿ ‘ನಾನು ಕೇಳಿದೆ’ ಅನ್ನೋನು ನಿಮ್ಮೆದುರೇ ನಿಂತಿರ್ತಾನೆ.

ವಕೀಲೆ: ಆಯ್ತು, ಅಂತೆಯನ್ನ ಒಪ್ಪಿದೆ. ‘ತಾವೇ’ಯ ಏ ಹೋದರೆ ಏನು ಕಳೀತು? ‘ಗದ್ದೆ ತಾವೇ’ ಅಂದ್ರೂ ಗದ್ದೆ ಬಳಿ, ‘ಗದ್ದೆ ತಾವ’ ಅಂದ್ರೂ ಗದ್ದೆ ಬಳಿ.

ಮೇಷ್ಟ್ರು: ಮನೆಗೆ ಹೋಗಿದ್ದ, ಎಲ್ಲೋ ಸಂತೆಗೆ ಹೋಗಿದ್ದ ಅಂತ ಯಾರಾದರೂ ಹೇಳಿರಬಹುದು. ಅದಕ್ಕೆ ಉತ್ತರ ಆ ಏ. ಬೇರೆಲ್ಲೂ ಅಲ್ಲ, ಅಲ್ಲೇ. ಒಂದು ಸ್ವರ ಇಷ್ಟು ವಾದ ಮಾಡತ್ತೆ. ನಿಮ್ಮದೇ ಉದಾಹರಣೆ ತಗೋ. ಹೊಡೆದಾಟದ ಕೇಸು. ‘ಅವನು ಹೊಡೆದ’, ‘ಅವನೇ ಹೊಡೆದ’, ‘ಅವನೂ ಹೊಡೆದ’. ನಿನ್ನ ಕಕ್ಷಿದಾರನಿಗೆ ಇವು ಮೂರೂ ಒಂದೇನಾ?

ವಕೀಲೆ: ಅಯ್ಯೋ, ಎಲ್ಲಾದ್ರೂ ಉಂಟಾ! ‘ಅವನೂ ಹೊಡೆದ’ ಅಂದ್ರೆ ಬೇರೆಯವರೂ ಹೊಡೆದಿದ್ದಾರೆ ಅಂತ ಆಯ್ತು. ಹಳೆಯ ದಂಡ ಸಂಹಿತೆಯ 34ನೇ ಕಲಂ, ಸಮಾನ ಉದ್ದೇಶ, ಅಲ್ಲಿಗೆ ಹೋಗತ್ತೆ ವಿಷಯ. ‘ಅವನೇ ಹೊಡೆದ’ ಅಂದ್ರೆ ಉಳಿದವರು ಬಿಡುಗಡೆ. ಬರೆದುಕೊಳ್ಳೋವಾಗ ಈ ಎರಡೂ ‘ಸದರಿ ಆರೋಪಿಯು ಹೊಡೆದನು’ ಆಗಿದ್ದನ್ನ ನಾನು ನೋಡಿದ್ದೀನಿ.

ಮೇಷ್ಟ್ರು: ಓ ಒಂದನ್ನೂ ಸೇರಿಸ್ಕೋ. ‘ಅಲ್ಲಿ ಯಾರೋ ಇದ್ರು’ ಅಂದ್ರೆ ಜನ ಇದ್ದದ್ದು ಖಂಡಿತ, ಗುರುತು ಸಿಗಲಿಲ್ಲ. ‘ಯಾರೂ ಇರ್ಲಿಲ್ಲ’ ಅಂದ್ರೆ ಒಬ್ಬರೂ ಇಲ್ಲ. ‘ಯಾರಾದ್ರೂ ಇದ್ರಾ’ ಅಂದ್ರೆ ಇದ್ದದ್ದೇ ಗೊತ್ತಿಲ್ಲ. ‘ಇದ್ನೇನೋ’ ಅಂದ್ರೆ ತನಗೇ ಅನುಮಾನ. ‘ಇದ್ದಿರಬೇಕು’ ಅಂದ್ರೆ ಬೀಡಿ ತುಂಡೋ ಚಪ್ಪಲಿಯೋ ನೋಡಿ ಊಹಿಸಿದ್ದು. ‘ಇದ್ನಲ್ಲ!’ ಅಂದ್ರೆ ನಿಮಗೂ ಗೊತ್ತಿದೆ, ಯಾಕೆ ಮರೆತ ಹಾಗೆ ಆಡ್ತೀರಿ ಅಂತ. ಇದ್ದ ಅನ್ನೋ ಒಂದೇ ಕ್ರಿಯೆ, ಆಡೋನು ನಿಂತ ಜಾಗ ಮಾತ್ರ ಪ್ರತಿ ಸಲವೂ ಬೇರೆ. ನನಗೆ ಕನ್ನಡದಲ್ಲಿ ತುಂಬ ಹೆಮ್ಮೆ ಅನಿಸೋ ಸಂಗತಿಗಳಲ್ಲಿ ಇದೂ ಒಂದು. ಇದನ್ನ ಯಾವ ರಾಜ್ಯೋತ್ಸವದ ಭಾಷಣದಲ್ಲೂ ಯಾರೂ ಹೇಳಲ್ಲ.

ವಕೀಲೆ: ಪಾಟಿ ಸವಾಲಿನಲ್ಲಿ ನಮ್ಮ ಕಸುಬೆಲ್ಲ ಈ ಚೂರುಗಳ ಮೇಲೇ ನಡೆಯೋದು, ಈಗ ಯೋಚನೆ ಮಾಡಿದ್ರೆ. ‘ನೀವು ಅಲ್ಲಿ ಇದ್ರಾ?’ ಅಂತ ಕೇಳಿದ್ರೆ ಸಾಕ್ಷಿ ಯೋಚಿಸಿ ಉತ್ತರ ಕೊಡ್ತಾನೆ. ‘ಇದ್ರಿ ಅಲ್ವಾ?’ ಅಂದ್ರೆ ತಲೆ ಅಲ್ಲಾಡಿಸೋಕೆ ಶುರು ಮಾಡ್ತಾನೆ. ‘ಇದ್ರಿ ತಾನೇ?’ ಅಂದ್ರೆ ಇಲ್ಲ ಅನ್ನೋಕೆ ಧೈರ್ಯ ಬೇಕು. ಮುಖ್ಯ ವಿಚಾರಣೆಯಲ್ಲಿ ಹೀಗೆ ಉತ್ತರ ಬಾಯಿಗೆ ಹಾಕೋ ಪ್ರಶ್ನೆಗೆ ಎದುರಿನವರು ಆಕ್ಷೇಪಣೆ ಎತ್ತಬಹುದು, ಪಾಟಿ ಸವಾಲಿನಲ್ಲಿ ಕೇಳಬಹುದು. ಆದರೆ ದಾಖಲೆಗೆ ಹೋಗೋದು ‘ನಾನು ಅಲ್ಲಿದ್ದೆ ಎಂದರೆ ಸರಿ’ ಅಂತ. ‘ತಾನೇ’ ಒತ್ತಿದ್ದಕ್ಕೆ ಅವನು ಹೂಂ ಅಂದನೋ, ತಾನಾಗೇ ಹೇಳಿದನೋ ಓದಿದವರಿಗೆ ತಿಳಿಯಲ್ಲ.

ಮೇಷ್ಟ್ರು: ಮೇಲ್ಮನವಿ ಹೈಕೋರ್ಟಿಗೆ ಹೋಗಿ ಅದು ಇಂಗ್ಲಿಷಿಗೆ ಅನುವಾದ ಆದಾಗ ಅಳಿದುಳಿದದ್ದೂ ಹೋಯ್ತು ಅನ್ನು.

ವಕೀಲೆ: ವಿಚಿತ್ರ ಅಂದ್ರೆ ನಮ್ಮ ಹುಡುಗರು ಇಂಗ್ಲಿಷ್ ಆಡುವಾಗ ಈ ಚೂರುಗಳನ್ನ ಬಿಟ್ಟುಕೊಡಲ್ಲ. ‘ಐ ಟೋಲ್ಡ್ ಯೆಸ್ಟರ್‌ಡೇ ಓನ್ಲಿ’ ಅಂತಾರೆ. ಅದು ‘ನಿನ್ನೆಯೇ’ಯ ಏ. ‘ಹಿ ಈಸ್ ನಾಟ್ ಕಮಿಂಗ್, ಇಟ್ ಸೀಮ್ಸ್’ ಅಂತಾರೆ, ಅದು ಅಂತೆ. ಕಾಲೇಜಿನವರು ತಪ್ಪು ಅಂತ ತಿದ್ದುತ್ತಾರೆ.

ಮೇಷ್ಟ್ರು: ತಿದ್ದಲಿ, ಪರೀಕ್ಷೆಗೆ ಬೇಕು. ಆದರೆ ಆ ಹುಡುಗ ಮಾಡಿದ್ದನ್ನ ಅರ್ಥ ಮಾಡ್ಕೋಬೇಕು. ಎಲ್ಲ ಭಾಷೆಯವರಿಗೂ ಈ ಅಗತ್ಯ ಇರತ್ತೆ, ಕೆಲವು ಭಾಷೆ ಅದನ್ನ ದನಿಯಲ್ಲಿ ಮುಗಿಸ್ತಾವೆ, ಕೆಲವು ಪ್ರತ್ಯೇಕ ಮಾತುಗಳನ್ನೇ ಇಟ್ಟುಕೊಂಡಿವೆ. ಜರ್ಮನ್ ಅಂಥದ್ದು. ‘ಕೊಮ್’ ಅಂದ್ರೆ ಬಾ. ‘ಕೊಮ್ ಮಾಲ್’ ಅಂದ್ರೆ ಸ್ವಲ್ಪ ಬಾರಪ್ಪಾ ಅನ್ನೋ ಹಾಗೆ. ‘ಕೊಮ್ ದೋಖ್’ ಅಂದ್ರೆ ಬಾ ಅಂದ್ರೆ, ಯಾಕೆ ಹಿಂದೆ ಮುಂದೆ ನೋಡ್ತೀಯ ಅಂತ. ಅಂಥ ಭಾಷೆಯಲ್ಲಿ ಬೆಳೆದ ಕಿಟ್ಟೆಲ್ ನಮ್ಮ ಭಾಷೆಗೆ 1894ರಲ್ಲಿ ನಿಘಂಟು ಕೊಟ್ಟರು, 1903ರಲ್ಲಿ ವ್ಯಾಕರಣ ಕೊಟ್ಟರು. ಜಪಾನೀ ಭಾಷೆಯಲ್ಲಿ ವಾಕ್ಯದ ಕೊನೆಗೆ ‘ನೆ’ ಅಂತ ಬರತ್ತೆ, ‘ಯೊ’ ಅಂತ ಬರತ್ತೆ. ಆಡೋನಿಗೂ ಕೇಳೋನಿಗೂ ಇಬ್ಬರಿಗೂ ಕಾಣ್ತಿರೋ ಸಂಗತಿಗೆ ನೆ, ಕೇಳೋನಿಗೆ ಗೊತ್ತಿಲ್ಲದ್ದನ್ನ ತಿಳಿಸೋಕೆ ಯೊ. ಇದನ್ನ ಓದಿದಾಗ ನನಗೆ ನಮ್ಮ ‘ಅಲ್ವಾ’ ಮತ್ತು ‘ಕಣೋ’ ಎದ್ದು ಬಂದವು. ಇಬ್ಬರೂ ಕಿಟಕಿ ಹತ್ರ ಇದ್ರೆ ‘ಮಳೆ ಬರ್ತಿದೆ ಅಲ್ವಾ’ ಅಂತೀವಿ. ಒಳಗೆ ಮಲಗಿರೋನಿಗೆ ‘ಮಳೆ ಬರ್ತಿದೆ ಕಣೋ’ ಅಂತೀವಿ, ಒಣಗಿಹಾಕಿದ ಬಟ್ಟೆ ತೆಗೆಯೋಕೆ ಎದ್ದೇಳು ಅಂತ. ತಿರುಗಿಸಿ ಹೇಳಿ ನೋಡು, ಕಿವಿಗೆ ಒಪ್ಪಲ್ಲ.

ವಕೀಲೆ: ಕಣೋ ಅಂದ್ರಲ್ಲ, ಆ ಸಾಕ್ಷಿ ನ್ಯಾಯಾಧೀಶರಿಗೆ ‘ಕನ’ ಅಂದಾಗ ಕೋರ್ಟ್ ಹಾಲಿನಲ್ಲಿ ಒಂದಿಬ್ಬರು ನಕ್ಕರು. ಮರ್ಯಾದೆ ಇಲ್ಲದೆ ಮಾತಾಡಿದ ಅನ್ನೋ ಹಾಗೆ.

ಮೇಷ್ಟ್ರು: ನಕ್ಕವರಿಗೆ ಕನ್ನಡ ಗೊತ್ತಿಲ್ಲ. ಕಾಣ್ ಅನ್ನೋ ಧಾತು ಅದು. ಕಾಣು, ನೋಡು ಅಂತ. ವಚನಕಾರರು ದೇವರನ್ನೇ ‘ಕಾಣಾ’ ಅಂತ ಮಾತಾಡಿಸಿದ್ದಾರೆ. ಅದೇ ಸವೆದು ಕಣಾ, ಕಣೋ, ಕನ ಆಗಿದೆ. ನಮ್ಮ ನಂಜನಗೂಡು, ತಿ. ನರಸೀಪುರ, ಮಂಡ್ಯದ ಕಡೆ ಕನ ಅಂತಾರೆ, ಸಲಿಗೆಯಲ್ಲಿ ಕಲಾ ಅಂತಾರೆ. ಕನ ಒಂದಕ್ಕೇ ಗೌರವವೂ ಇಲ್ಲ, ಅಗೌರವವೂ ಇಲ್ಲ, ಅದು ‘ನೋಡಿ, ಇದನ್ನ ನಿಮಗೆ ತಿಳಿಸ್ತಿದ್ದೀನಿ’ ಅನ್ನತ್ತೆ. ಮುಂದಕ್ಕೆ ಏನು ಸೇರತ್ತೆ ಅನ್ನೋದರಲ್ಲಿ ಸಂಬಂಧ ಇರೋದು. ಕಣೋ, ಕಣೇ, ಕಣ್ರೀ, ಕಣಪ್ಪ, ಕಣಕ್ಕ, ಕನಣ್ಣ. ಎದುರಿಗಿರೋನು ಅಣ್ಣನೋ ಮಗನೋ ಗೊತ್ತಾಗದೆ ಈ ಮಾತು ಬಾಯಿಂದ ಹೊರಡೋದು ಕಷ್ಟ. ಆ ರೈತ ಬುದ್ಧಿ ಅಂತ ಸೇರಿಸಿದ. ಅವನ ಹತ್ರ ಇದ್ದ ಅತಿ ದೊಡ್ಡ ಮರ್ಯಾದೆ ಅದು.

ವಕೀಲೆ: ಆ ‘ಬುದ್ಧಿ’ ಕೇಳಿದಾಗ ನನಗೆ ಬೇರೆ ಕಾರಣಕ್ಕೆ ನೋವಾಗತ್ತೆ. ಜಾತಿ, ಜಮೀನು, ಯಜಮಾನಿಕೆ ಎಲ್ಲ ಅದರಲ್ಲಿದೆ. ಸಂವಿಧಾನ ಬಂದ ಮೇಲೂ ಒಬ್ಬ ಪ್ರಜೆ ಇನ್ನೊಬ್ಬನನ್ನ ಹಾಗೆ ಕರೀಬೇಕಾ?

ಮೇಷ್ಟ್ರು: ಬೇಡ. ಆ ಮಾತು ಹೋಗಬೇಕು, ಹೋಗ್ತಾನೂ ಇದೆ. ಆದರೆ ಕನ ಉಳೀಬೇಕು. ಅದು ಆ ಜನದ ಸೊತ್ತು. 1984ರಲ್ಲಿ ದೇವನೂರ ಮಹಾದೇವ ‘ಕುಸುಮಬಾಲೆ’ ಬರೆದಾಗ ನಂಜನಗೂಡಿನ ಕಡೆಯ ಈ ಆಡುಮಾತಿನಲ್ಲೇ ಬರೆದರು. ಓದೋಕೆ ಕಷ್ಟ ಅಂತ ಕೆಲವರು ಗೊಣಗಿದರು. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪುಸ್ತಕದ ಕನ್ನಡಕ್ಕೆ ‘ತಿದ್ದಿ’ ಬರೆದಿದ್ದರೆ ಕತೆ ಉಳೀತಿತ್ತು, ಯಾರು ಯಾರಿಗೆ ಯಾವ ಸ್ಥಾನದಲ್ಲಿ ನಿಂತು ಹೇಳ್ತಿದ್ದಾರೆ ಅನ್ನೋದು ಹೋಗ್ತಿತ್ತು.

ವಕೀಲೆ: ನಮಗೆ ಶಾಲೆಯಲ್ಲಿ ಇದನ್ನ ಯಾಕೆ ಹೇಳಿಕೊಡಲಿಲ್ಲ? ‘ಅವಧಾರಣಾರ್ಥಕ ಅವ್ಯಯ: ಅದುವೇ, ನೀನೇ’ ಅಂತ ಬಾಯಿಪಾಠ ಮಾಡಿದ್ದು ನೆನಪಿದೆ. ಒಂದು ಅಂಕಕ್ಕೆ ಬರ್ತಿತ್ತು.

ಮೇಷ್ಟ್ರು: ಅದರ ಬೇರು ಹಳೇದು. ಸಂಸ್ಕೃತದಲ್ಲಿ ಯಾಸ್ಕರು ಏವ, ಕಿಲ, ಖಲು ಇಂಥವನ್ನೆಲ್ಲ ನಿಪಾತ ಅಂತ ಒಂದು ಗುಂಪು ಮಾಡಿದರು. 13ನೇ ಶತಮಾನದಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ ಬರೆದಾಗ ಎಂಟು ಪ್ರಕರಣ ಮಾಡಿದ, ಸಂಧಿಯಿಂದ ಶುರು, ಅವ್ಯಯ ಕಟ್ಟಕಡೆ. ಹಳಗನ್ನಡದ ‘ವಲಂ’ ಅಂದ್ರೆ ನಿಶ್ಚಯ, ‘ಗಡ’ ಅಂದ್ರೆ ಅಲ್ಲವೇ ಅನ್ನೋ ಹಾಗೆ. ಅವನ ಕಾಲದ ಕವಿಗಳಿಗೆ ಇವಿಲ್ಲದೆ ಪದ್ಯ ಸಾಗ್ತಿರಲಿಲ್ಲ. ಕೇಶಿರಾಜನನ್ನ ನಾನು ದೂರಲ್ಲ, ಅವನ ಕಿವಿ ಸೂಕ್ಷ್ಮ. ನಮ್ಮ ಪಠ್ಯಪುಸ್ತಕಗಳು ಮಾತ್ರ ಆ ಕೊನೆಯ ಅಧ್ಯಾಯವನ್ನ ಉಳಿದದ್ದೆಲ್ಲ ತುರುಕೋ ಮೂಲೆ ಮಾಡಿಕೊಂಡವು. ಅವ್ಯಯ ಅಂದ್ರೆ ರೂಪ ಬದಲಾಗದ್ದು. ಬದಲಾಗಲ್ಲ ಅಂತ ಹೇಳಿದ್ರೆ ಅದು ಮಾಡೋ ಕೆಲಸ ಹೇಳಿದ ಹಾಗಾಯ್ತಾ? ‘ನಾನೇ ನಾಳೆ ಮೈಸೂರಿಗೆ ಹೋಗ್ತೀನಿ’, ‘ನಾನು ನಾಳೆಯೇ ಮೈಸೂರಿಗೆ ಹೋಗ್ತೀನಿ’, ‘ನಾನು ನಾಳೆ ಮೈಸೂರಿಗೇ ಹೋಗ್ತೀನಿ’, ‘ನಾನು ನಾಳೆ ಮೈಸೂರಿಗೆ ಹೋಗೇ ಹೋಗ್ತೀನಿ’. ಏ ಒಂದೊಂದು ಹೆಜ್ಜೆ ಸರಿದ ಹಾಗೂ ಜಗಳ ಬೇರೆ ಬೇರೆ ಜನರ ಜೊತೆ. ಏಳನೇ ಕ್ಲಾಸಿನ ಮಕ್ಕಳ ಮುಂದೆ ಇಷ್ಟನ್ನ ಇಟ್ಟು, ಯಾರಿಗೆ ಯಾವಾಗ ಹೀಗನ್ನುತ್ತೀರಿ ಅಂತ ಕೇಳಿದ್ರೆ ಸಾಕು, ಉಳಿದದ್ದನ್ನ ಅವರೇ ಹೇಳ್ತಾರೆ.

ವಕೀಲೆ: ಇಲ್ಲೇ ಮಾನಸಗಂಗೋತ್ರಿಯಲ್ಲಿ ಭಾರತೀಯ ಭಾಷೆಗಳ ಸಂಸ್ಥೆ ಇದೆಯಲ್ಲ. ಅಲ್ಲಿದ್ದ ಭಾಷಾಶಾಸ್ತ್ರದವರು ಇದನ್ನ ನೋಡಲಿಲ್ವಾ?

ಮೇಷ್ಟ್ರು: 1969ರಲ್ಲಿ ಶುರುವಾದ ಸಂಸ್ಥೆ. ಅಲ್ಲಿ ಕೆಲಸ ಮಾಡಿದ ಡಿ.ಎನ್. ಶಂಕರ ಭಟ್ಟರು ಬರೆದ ಒಂದು ಪುಸ್ತಕದ ಹೆಸರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’. ಸಂಸ್ಕೃತದ ಅಚ್ಚಿಗೆ ಕನ್ನಡವನ್ನ ಹಾಕಬೇಡಿ ಅಂತ ಅವರ ವಾದ. ಆ ಹೆಸರಲ್ಲೇ ನೋಡು, ‘ಕನ್ನಡದ್ದು’ ಅಂದಿದ್ದರೆ ಒಂದು ಸಾಧಾರಣ ಬೇಡಿಕೆ. ‘ಕನ್ನಡದ್ದೇ’ ಅಂದಾಗ ನೂರಾರು ವರ್ಷದ ಪರಂಪರೆಯ ಜೊತೆ ಜಗಳಕ್ಕೆ ನಿಂತ ಹಾಗಾಯ್ತು. ಅವರ ಎಲ್ಲ ಮಾತನ್ನೂ ನಾನು ಒಪ್ಪಲ್ಲ. ಮಹಾಪ್ರಾಣಗಳನ್ನ ಬರಹದಿಂದ ಬಿಡಬೇಕು ಅಂದಾಗ ನನಗೆ ಕಷ್ಟವಾಯ್ತು. ಆದರೆ ಜನ ಆಡೋ ಕನ್ನಡದ ಮೇಲೆ ವ್ಯಾಕರಣ ಕಟ್ಟಬೇಕು ಅನ್ನೋದರಲ್ಲಿ ನಾನು ಅವರ ಪಕ್ಷ.

ವಕೀಲೆ: ಆದರೂ ಬರಹಕ್ಕೆ ಒಂದು ಶಿಸ್ತು ಬೇಡವಾ ಮೇಷ್ಟ್ರೇ? ತೀರ್ಪಿನಲ್ಲಿ ‘ಕಣ್ರೀ’ ಅಂತ ಬರೆಯೋಕಾಗತ್ತಾ?

ಮೇಷ್ಟ್ರು: ತೀರ್ಪಿನಲ್ಲಿ ಬೇಡ. ಎಲ್ಲಿ ಬೇಕು, ಎಲ್ಲಿ ಬೇಡ ಅನ್ನೋ ವಿವೇಕ ನಮ್ಮಲ್ಲಿ ಹಿಂದೆಯೇ ಇತ್ತು. ಈ ಊರಿನ ರೇಡಿಯೊವನ್ನೇ ತಗೋ. 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಒಂಟಿಕೊಪ್ಪಲಿನ ತಮ್ಮ ಮನೆಯಿಂದ ಪ್ರಸಾರ ಶುರು ಮಾಡಿದರು. ಈಗಲೂ ಆಕಾಶವಾಣಿ ಹಾಕಿ ಕೇಳು. ವಾರ್ತೆಯಲ್ಲಿ ಒಂದು ಕಣ್ರೀ ಇಲ್ಲ. ನಾಟಕ ಬಂತು ಅಂದ್ರೆ ಅಲ್ವಾ, ಕಣೇ, ತಾನೇ, ಅಂತೆ ಇಲ್ಲದೆ ಹೆಜ್ಜೆ ಮುಂದೆ ಹೋಗಲ್ಲ, ಯಾಕಂದ್ರೆ ಅಲ್ಲಿ ಮುಖ ಕಾಣಲ್ಲ, ಕೈ ಕಾಣಲ್ಲ. ಸಾಕ್ಷಿ ಹೇಳಿಕೆಯ ಹಾಳೆಯಲ್ಲೂ ಮುಖ ಕಾಣಲ್ಲ ಕಣಮ್ಮ. ಅದನ್ನ ಮೇಲಿನ ಕೋರ್ಟಿನಲ್ಲಿ ಓದೋರು ಆ ಮನುಷ್ಯನನ್ನ ಕಂಡೇ ಇರೋದಿಲ್ಲ.

ವಕೀಲೆ: ಸಾಕ್ಷ್ಯವನ್ನ ಸಾಮಾನ್ಯವಾಗಿ ಕಥನ ರೂಪದಲ್ಲೇ ಬರೀಬೇಕು ಅಂತ ಕಾನೂನಿದೆ. ಆದರೆ ನ್ಯಾಯಾಧೀಶರಿಗೆ ಬೇಕು ಅನಿಸಿದ ಭಾಗವನ್ನ ಪ್ರಶ್ನೆ ಉತ್ತರದ ರೂಪದಲ್ಲೇ ಬರೆಸಬಹುದು. ಕೊನೆಗೆ ಸಾಕ್ಷಿಗೆ ಓದಿ ಹೇಳಬೇಕು. ಯಾವ ಭಾಗವಾದರೂ ಸರಿಯಿಲ್ಲ ಅಂತ ಅವನಂದ್ರೆ ನ್ಯಾಯಾಧೀಶರು ತಿದ್ದಬಹುದು, ಇಲ್ಲವೇ ಅವನ ಆಕ್ಷೇಪಣೆಯನ್ನ ಟಿಪ್ಪಣಿ ಮಾಡಬೇಕು.

ಮೇಷ್ಟ್ರು: ಓದಿ ಹೇಳಿದಾಗ ಆ ರೈತ ಏನಂದ?

ವಕೀಲೆ: ತಲೆ ಆಡಿಸಿದ. ‘ಆರೋಪಿಯು ಗದ್ದೆಯ ಬಳಿ ಇದ್ದನು’ ಅನ್ನೋದು ಅವನ ಕಿವಿಗೆ ಪಾಠದ ಹಾಗೆ ಕೇಳಿರಬೇಕು. ತನ್ನದೇ ಮಾತು ಅಂತ ಅವನಿಗೆ ಅನಿಸಿರಲಿಕ್ಕಿಲ್ಲ, ಅಲ್ಲ ಅಂತಲೂ ಹೊಳೆದಿರಲಿಕ್ಕಿಲ್ಲ.

ಮೇಷ್ಟ್ರು: ನೋಡು, ‘ಇದ್ದನಂತೆ’ ಅನ್ನೋದು ಅಚ್ಚ ಗ್ರಂಥಸ್ಥ ಕನ್ನಡವೇ, ಯಾವ ಪಂಡಿತನೂ ತಪ್ಪು ಅನ್ನೋ ಹಾಗಿಲ್ಲ. ಕನ ಬೇಕಾಗಿಲ್ಲ, ತಾವ ಬೇಕಾಗಿಲ್ಲ. ‘ಗದ್ದೆಯ ಬಳಿಯೇ ಇದ್ದನಂತೆ’ ಅಂತ ಟೈಪ್ ಮಾಡಿದ್ರೆ ಕೋರ್ಟಿನ ಘನತೆಗೂ ಕುಂದಿಲ್ಲ, ಸಾಕ್ಷಿಯ ಮಾತಿಗೂ ಕುಂದಿಲ್ಲ.

ವಕೀಲೆ: ಮುಂದಿನ ಸಾಕ್ಷಿ ಅದೇ ಊರಿನವಳು, ಒಬ್ಬ ಅಜ್ಜಿ. ಅವಳೂ ಅಂತೆ ಅಂದೇ ಅಂತಾಳೆ. ಶುರುವಿನಲ್ಲೇ ಅರಿಕೆ ಮಾಡ್ಕೊಳ್ತೀನಿ, ಆಡಿದ ಮಾತನ್ನೇ ಬರೆಸಿಕೊಳ್ಳಿ ಅಂತ. “ಅಂತೆ ಗಿಂತೆ ಬೇಡ, ನೋಡಿದ್ಯೋ ಇಲ್ವೋ ಅಷ್ಟು ಹೇಳಮ್ಮ” ಅಂತ ಕೋರ್ಟು ಗದರಿದ್ರೆ?

ಮೇಷ್ಟ್ರು: ಗದರಲಿ. ಆಗ ಅಜ್ಜಿ “ನಾನು ನೋಡಿಲ್ಲ” ಅಂತಾಳೆ. ಅದನ್ನ ಹಾಗೇ ಬರೆಸಿಕೋ.